ಯಾಡಿಯ ಕನ್ನಡ

ನಮ್ಮ ಲಂಬಾಣಿ ತಾಂಡಾ ಇರುವುದು ಶಿರಹಟ್ಟಿಯಿಂದ ಆಚೆಗೆ. ಅಲ್ಲಿ ಅವ್ವನಿಗೆ ಯಾಡಿ ಎನ್ನುತ್ತೇವೆ. ಗದಗಕ್ಕೆ ಬರುವ ಬಸ್ಸಿನಲ್ಲಿ ಯಾಡಿ ನಮ್ಮ ಮಾತಿನಲ್ಲಿ ಗಟ್ಟಿಯಾಗಿ ಹರಟಿದರೆ ನನಗೆ ಮೈಯೆಲ್ಲ ಮುಜುಗರ. ಮೊಣಕೈಯಿಂದ ತಿವಿದು, "ಮೆತ್ತಗ ಮಾತಾಡು, ಇಲ್ಲಾಂದ್ರ ಕನ್ನಡದಾಗ ಮಾತಾಡು" ಎನ್ನುತ್ತಿದ್ದೆ. ಪಕ್ಕದವರಿಗೆ ಕೇಳಲಿ ಎಂದು ಅದನ್ನೂ ಕನ್ನಡದಲ್ಲೇ ಹೇಳುತ್ತಿದ್ದೆ. ಅವಳು ಕಿಟಕಿಯತ್ತ ತಿರುಗಿ ಕೂರುತ್ತಿದ್ದಳು.

ಮುಂದೆ ನಾನು ಬೆಟಗೇರಿಯ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಆದೆ. ಮನೆಯಲ್ಲಿ ಎರಡು ಭಾಷೆ ಇದ್ದರೆ ಮಗು ಎರಡರಲ್ಲೂ ತೊದಲುತ್ತದೆ ಎಂದು ಯಾರೋ ಹೇಳಿದ್ದರು. ನನಗೆ ಅನುಕೂಲದ ಮಾತು, ತಕ್ಷಣ ನಂಬಿದೆ. ಮಗಳು ಬರೀ ಕನ್ನಡದಲ್ಲಿ ಬೆಳೆದಳು. ರಜೆಯಲ್ಲಿ ತಾಂಡಾಕ್ಕೆ ಹೋದಾಗ ಅಜ್ಜಿ ಮೊಮ್ಮಗಳು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು, ಕೈಸನ್ನೆ ಮಾಡಿ ನಗುತ್ತಿದ್ದರು. ಅಷ್ಟು ಸಾಕು ಎಂದುಕೊಂಡಿದ್ದೆ.

ಹೋದ ವರ್ಷ ಮಗಳ ಮದುವೆ ಗೊತ್ತಾಯಿತು. ಗಂಡನ ಮನೆಗೆ ಹೊರಟ ಹುಡುಗಿ ಹಿರಿಯರ ಕೊರಳು ತಬ್ಬಿ ಹಾಡಿನಲ್ಲಿ ಅಳುವುದು ನಮ್ಮ ಪದ್ಧತಿ. ಅದಕ್ಕೆ ಢಾವಲೋ ಎನ್ನುತ್ತೇವೆ. ಹಾಗೆ ಹಾಡಿ ಅಳುತ್ತಲೇ ಅಜ್ಜಿಯನ್ನು ಬಿಟ್ಟು ಹೋಗಬೇಕು ಎಂಬುದು ಮಗಳ ಆಸೆ. ಹದಿನೈದು ದಿನ ಮೊದಲೇ ಯಾಡಿ ಕಲಿಸಲು ಬೆಟಗೇರಿಯ ನಮ್ಮ ಮನೆಗೆ ಬಂದಳು. ಮಗಳು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಪರೀಕ್ಷೆಗೆ ಓದುವಂತೆ ಬಾಯಿಪಾಠ ಮಾಡಿದಳು.

ಹೊರಡುವ ಬೆಳಿಗ್ಗೆ ತಾಂಡಾದಿಂದ ಬಂದ ಮುದುಕಿಯರೆಲ್ಲ ಸುತ್ತ ಕೂತಿದ್ದರು. ಮಗಳು ಅಜ್ಜಿಯ ಕೊರಳಿಗೆ ಬಿದ್ದು ಎರಡು ಸಾಲು ಹಾಡಿದಳು. ಮೂರನೆಯದು ಮರೆತಳು. ಬಿಕ್ಕುತ್ತ, "ಅಜ್ಜಿ, ನನಗ ಬರವಲ್ದು" ಎಂದಳು. ನಾನು ನೆಲ ನೋಡುತ್ತ ನಿಂತೆ.

ಆಗ ಯಾಡಿ ಅದೇ ಧಾಟಿಯಲ್ಲಿ ಹಾಡಿದಳು. ಸಂತೆಯಲ್ಲಿ ಕಲಿತ ಹರಕುಮುರುಕು ಕನ್ನಡದಲ್ಲಿ.

"ನನ್ನ ಮಾತು ನಿನಗ ಕೊಡಲಿಲ್ಲ ಕೂಸ, ನಿನ್ನ ಮಾತಿನಾಗ ಹ್ಯಾಂಗ ಕಳಸಲಿ ನಿನ್ನ?"

ಮುದುಕಿಯರು ಮುಖ ಮುಖ ನೋಡಿಕೊಂಡರು. ಮಗಳಿಗೆ ಪ್ರತಿ ಮಾತೂ ತಿಳಿಯಿತು, ಬಾಯಿ ಬಿಟ್ಟು ಅತ್ತಳು. ಬಸ್ಸಿನಲ್ಲಿ ಆಡು ಎಂದು ನಾನು ಅಷ್ಟು ಸಲ ಹೇಳಿದ್ದ ಕನ್ನಡವನ್ನು ಯಾಡಿ ಆವತ್ತು ಎಲ್ಲರೆದುರು ಆಡಿದ್ದಳು. ಆಡದಿದ್ದರೆ ಚೆನ್ನಾಗಿತ್ತು ಎನಿಸಿತು. ಕೊಡದೆ ಇದ್ದವಳು ನಾನು, ತಪ್ಪು ಹೊತ್ತವಳು ಅವಳು.

ಮುಂದಿನ ಸರದಿ ನನ್ನದು. ಮಗಳು ನನ್ನ ಕೊರಳು ತಬ್ಬಿದಾಗ ಲಂಬಾಣಿಯಲ್ಲೇ ಹಾಡಿ ಅತ್ತೆ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಮಗಳಿಗೆ ಅರ್ಥವಾಗಲಿಲ್ಲ. ಯಾಡಿ ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು.