ಸೀಗೆ ಹಾಕಿ ತೊಳೆದ ಮೊಣಕಾಲು

ಐವತ್ತರ ದಶಕದ ಕೊನೆಯಲ್ಲಿ ನಾನು ಪುತ್ತೂರಿನ ಒಂದು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದೆ. ಮಲೇರಿಯಾದ ರಕ್ತ, ಕ್ಷಯದ ಕಫ, ಕೊಕ್ಕೆಹುಳದ ಮೊಟ್ಟೆ, ಎಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವನು ನಾನೊಬ್ಬನೇ. ದೊಡ್ಡ ಡಾಕ್ಟರರೂ "ಅವನಲ್ಲಿ ಕೇಳಿ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ನನಗೆ ಊಟ ಹೆಚ್ಚು ಸೇರುತ್ತಿತ್ತು.

ಆಮೇಲೆ ಮದರಾಸಿನಲ್ಲಿ ರೋಗಶಾಸ್ತ್ರ ಕಲಿತ ಹೊಸ ಡಾಕ್ಟರರು ಬಂದರು. ಬಯಲುಸೀಮೆಯವರು, ನನಗಿಂತ ಚಿಕ್ಕವರು. ಅದುವರೆಗೆ ಮಂಗಳೂರಿಗೆ ಹೋಗುತ್ತಿದ್ದ ಗಡ್ಡೆಯ ಚೂರುಗಳನ್ನು ಇಲ್ಲೇ ನೋಡತೊಡಗಿದರು. ಮೂಳೆಯ ಚೂರನ್ನು ಹಾಗೇ ಕೊಯ್ಯಲು ಬರುವುದಿಲ್ಲ. ಆಮ್ಲದಲ್ಲಿ ದಿನಗಟ್ಟಲೆ ಇಟ್ಟು ಸುಣ್ಣ ಕರಗಿಸಬೇಕು, ಮೆತ್ತಗಾಯಿತೇ ಎಂದು ಸೂಜಿ ಚುಚ್ಚಿ ನೋಡಬೇಕು, ಮೇಣದಲ್ಲಿ ಕೂರಿಸಿ ತೆಳ್ಳಗೆ ಸೀಳಿ ಗಾಜಿನ ಪಟ್ಟಿಗೆ ಅಂಟಿಸಿ ಬಣ್ಣ ಹಾಕಬೇಕು. ಅಷ್ಟೂ ನನ್ನ ಕೆಲಸ. ನೋಡುವುದು ಮಾತ್ರ ಅವರು. ತಲೆ ಎತ್ತದೆ, ಸಣ್ಣಗೆ ಗುನುಗುತ್ತ, ಎಡಗೈಯಲ್ಲಿ ಗಾಜು ಸರಿಸುತ್ತ ಬಲಗೈಯಲ್ಲಿ ವರದಿ ಬರೆಯುತ್ತಿದ್ದರು. ದೊಡ್ಡ ಡಾಕ್ಟರರು ಈಗ ನನ್ನ ಮೇಜು ದಾಟಿ ಅವರ ಮೇಜಿಗೆ ಹೋಗುತ್ತಿದ್ದರು. ಆ ಗುನುಗು ನನ್ನ ಮೈಯೆಲ್ಲ ಉರಿಸುತ್ತಿತ್ತು.

ಸುಳ್ಯದ ಹತ್ತಿರದ ಅಜ್ಜಾವರ ಕಡೆಯ ಹದಿನೆಂಟರ ಹುಡುಗಿಯೊಬ್ಬಳನ್ನು ತಾಯಿ ಕರೆತಂದದ್ದು ಆಗ. ಬಲ ಮೊಣಕಾಲಿನ ಮೇಲೆ ಗಟ್ಟಿ ಬಾವು. ಎಕ್ಸ್‌ರೇಯಲ್ಲಿ ಮೂಳೆಯ ಸುತ್ತ ಮೋಡದಂಥ ಹೊಸ ಬೆಳವಣಿಗೆ. ಹೊಸ ಡಾಕ್ಟರರು "ಪೆಟ್ಟಾಗಿತ್ತಾ?" ಎಂದು ಕೇಳಿದರು. ತಾಯಿ ಇಲ್ಲವೆಂದಳು. ಅವರು ಹಾಗೆಯೇ ಬರೆದುಕೊಂಡರು. ಬಾವಿನ ಚೂರು ತೆಗೆದು ನನಗೆ ಕೊಟ್ಟರು.

ಚೂರು ಆಮ್ಲದಲ್ಲಿದ್ದ ಕೊನೆಯ ದಿನ ನಾನು ಹುಡುಗಿಯ ರಕ್ತ ತೆಗೆಯಲು ವಾರ್ಡಿಗೆ ಹೋದೆ. ನನ್ನದೂ ಸುಳ್ಯದ ಕಡೆಯ ಮಾತೆಂದು ತಿಳಿದ ತಾಯಿ ಹತ್ತಿರ ಬಂದು ಪಿಸುಗುಟ್ಟಿದಳು, "ಎಣ್ಣೆ ವಾಸನೆ ಇನ್ನೂ ಉಂಟಾ ಮಾರಾಯ್ರೆ? ಮೂರು ಸಲ ಸೀಗೆ ಹಾಕಿ ತೊಳ್ದಿದ್ದೇನೆ."

ನನಗೆ ಕೂಡಲೇ ಅರ್ಥವಾಯಿತು. ಎಲುಬು ಕೂರಿಸುವ ಪಂಡಿತರಲ್ಲಿ ಹೋಗಿ ಬಂದವರಿಗೆ ದೊಡ್ಡ ಡಾಕ್ಟರರು ವಾರ್ಡು ಬಿರಿಯುವಂತೆ ಬೈಯುತ್ತಿದ್ದರು. ಹಾಗಾಗಿ ನಮ್ಮ ಕಡೆಯ ಜನ ಆಸ್ಪತ್ರೆಗೆ ಹೊರಡುವ ಮುಂಚೆ ಎಣ್ಣೆ ತೊಳೆದುಕೊಳ್ಳುತ್ತಿದ್ದರು, ಬಿದ್ದದ್ದನ್ನೂ ಬಾಯಿಬಿಡುತ್ತಿರಲಿಲ್ಲ. ನನ್ನ ಮನೆಯಲ್ಲೂ ಅದೇ. ಕೇಳಿದಾಗ ತಾಯಿ ಎಲ್ಲ ಹೇಳಿದಳು. ಹುಡುಗಿ ಬೇಲಿಯ ತಡಮೆ ದಾಟುವಾಗ ಬಿದ್ದಿದ್ದಳು. ಕಡಬದ ಕಡೆಯ ಪಂಡಿತರೊಬ್ಬರು ಹನ್ನೆರಡು ದಿನ ಎಣ್ಣೆ ಹಾಕಿ ತಿಕ್ಕಿ ಎಳೆದಿದ್ದರು. ಬಿರುಕು ಬಿಟ್ಟ ಎಲುಬನ್ನು ಹಾಗೆ ತಿಕ್ಕಿದರೆ ಕೂಡಿಕೊಳ್ಳುವ ಭರದಲ್ಲಿ ಅದು ವಿಪರೀತ ಬೆಳೆಯುತ್ತದೆ, ಗಾಜಿನ ಮೇಲೆ ಏಡಿಗಂತಿಯ, ಅಂದರೆ ಕ್ಯಾನ್ಸರಿನ, ಹಾಗೆಯೇ ಕಾಣಬಹುದು ಎಂದು ಹಿಂದೊಮ್ಮೆ ಅದೇ ಹೊಸ ಡಾಕ್ಟರರು ಹೇಳಿದ್ದರು.

ಅದು ಶನಿವಾರ. ಸೋಮವಾರ ಗಾಜನ್ನು ಅವರ ಮುಂದಿಟ್ಟೆ. ಗುನುಗು ನಿಂತಿತು. ಬಹಳ ಹೊತ್ತು ನೋಡಿ, "ಪಾಪ, ಸಣ್ಣ ಪ್ರಾಯ" ಎಂದರು. ಮೂಳೆಯ ಏಡಿಗಂತಿ ಎಂದು ಬರೆದರು. ಗುರುವಾರ ತೊಡೆಯ ಮಟ್ಟಕ್ಕೆ ಕಾಲು ತೆಗೆಯುವುದೆಂದು ನಿರ್ಧಾರವಾಯಿತು.

ನಾನು ಹೇಳಲಿಲ್ಲ. ಮರೆತದ್ದಲ್ಲ. ಇವರಿಂದಲೂ ಒಮ್ಮೆ ತಪ್ಪಾಗಲಿ, ದೊಡ್ಡ ಡಾಕ್ಟರರಿಗೆ ತಿಳಿಯಲಿ ಎಂದುಕೊಂಡೆ. ನನ್ನ ಆ ಲೆಕ್ಕಾಚಾರದಲ್ಲಿ ಕಾಲು ಎಂಬುದೊಂದು ಇರಲೇ ಇಲ್ಲ. ಮಂಗಳವಾರ ಎಂದಿನಂತೆ ಗಾಜುಗಳನ್ನು ಒರೆಸಿದೆ, ನಂಬರು ಅಂಟಿಸಿದೆ.

ಬುಧವಾರ ಬೆಳಿಗ್ಗೆ ತಾಯಿ ನನ್ನ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ.

"ಕಾಲನ್ನು ನಮ್ಮ ಕೈಗೆ ಕೊಡ್ತಾರಾ?"

"ಎಂತಕ್ಕೆ?"

"ಅದನ್ನು ಸುಡುದಾ, ಹೂಳುದಾ? ಜೀವ ಇರುವವರ ಕಾಲಿಗೆ ಎಂತ ಮಾಡುದು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ."

ಎದ್ದು ಹೊಸ ಡಾಕ್ಟರರ ಮೇಜಿಗೆ ಹೋಗಿ ತಡಮೆ, ಪಂಡಿತರು, ಎಣ್ಣೆ ಎಲ್ಲ ಹೇಳಿದೆ.

"ನಿಮಗೆ ಯಾವಾಗ ಗೊತ್ತಾಯಿತು?"

"ಈಗ," ಎಂದೆ.

ಅವರು ಆ ಗಾಜನ್ನು ತೆಗೆದು ಮತ್ತೆ ಮೊದಲಿನಿಂದ ನೋಡಿದರು. ಆಮೇಲೆ ನನ್ನನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿದರು. "ನಾನು ನಡುವನ್ನೇ ನೋಡುತ್ತಾ ಕೂತೆ. ಅಲ್ಲಿ ಜೀವಕೋಶಗಳು ದಾಂಧಲೆ ಎಬ್ಬಿಸಿವೆ. ಅಂಚಿಗೆ ಬನ್ನಿ. ಎಲುಬು ಸಾಲಾಗಿ ಬಲಿತಿದೆ, ನೋಡಿ. ಏಡಿಗಂತಿಯಾದರೆ ಅಂಚಿನಲ್ಲಿ ಇಷ್ಟು ಶಿಸ್ತು ಇರುವುದಿಲ್ಲ. ಇದು ಕೂಡುತ್ತಿರುವ ಎಲುಬು ಇರಬೇಕು." ನನಗೆ ಕಂಡದ್ದು ಗುಲಾಬಿ ಬಣ್ಣದ ಗೆರೆಗಳು ಮಾತ್ರ. ಹೌದು ಎಂದು ತಲೆಯಾಡಿಸಿದೆ.

ಶಸ್ತ್ರಚಿಕಿತ್ಸೆ ನಿಂತಿತು. ಕಾಲಿಗೆ ಪಟ್ಟಿ ಕಟ್ಟಿ ಕಾದರು. ಮೂರು ವಾರ ಕಳೆದು ತೆಗೆದ ಎಕ್ಸ್‌ರೇಯಲ್ಲಿ ಮೋಡ ಗಟ್ಟಿಯಾಗಿ ಎಲುಬಿಗೆ ಅಂಟಿಕೊಂಡಿತ್ತು. ಹುಡುಗಿ ಕುಂಟುತ್ತ ಮನೆಗೆ ನಡೆದಳು.

ಹೊಸ ಡಾಕ್ಟರರು ದೊಡ್ಡ ಡಾಕ್ಟರರ ಮುಂದೆ, ದಾದಿಯರ ಮುಂದೆ, ಯಾರ ಮುಂದೆ ಬೇಕಾದರೂ ಹೇಳುತ್ತಿದ್ದರು, "ನನ್ನಿಂದ ತಪ್ಪಾಯಿತು. ಇವರು ಹೇಳದಿದ್ದರೆ ಆ ಕಾಲು ಹೋಗುತ್ತಿತ್ತು." ಜನ ನನ್ನನ್ನು ಹೊಗಳಿದರು, ಅವರನ್ನು ಇನ್ನೂ ಹೆಚ್ಚು ಹೊಗಳಿದರು. ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ಅಷ್ಟು ಸಲೀಸಾಗಿ ಬರುವುದನ್ನು ಕಂಡು ನನಗೆ ಮತ್ತೆ ಹೊಟ್ಟೆ ಉರಿಯಿತು. ಅವರು ವರ್ಗವಾಗಿ ಹೋಗುವವರೆಗೂ ಮೂಳೆಯ ಗಾಜು ಬಂದಾಗಲೆಲ್ಲ ಮೊದಲು ನನ್ನನ್ನು ಕೂರಿಸುತ್ತಿದ್ದರು. ನಾನು ನೋಡುತ್ತಿದ್ದೆ. ಶನಿವಾರವೇ ಗೊತ್ತಿತ್ತು ಎಂದು ಹೇಳಲು ಪ್ರತಿ ಸಲವೂ ಬಾಯಿ ತೆರೆಯುತ್ತಿದ್ದೆ, "ಅಂಚು ಸರಿಯಿದೆ ಸಾರ್" ಎನ್ನುತ್ತಿದ್ದೆ.