ನೆರಳು ಬೀಳದ ಫೋಟೋಗಳು

ನೀರಮಾನ್ವಿಯ ಹತ್ತಿರ ಹತ್ತಿ ಹೊಲವೊಂದರ ನಡುವೆ ನಿಂತು, ಮೊಬೈಲ್ ಎತ್ತಿ ನಾಲ್ಕೂ ದಿಕ್ಕಿಗೆ ತಿರುಗುತ್ತಿದ್ದ ಹೆಂಗಸನ್ನು ಕಂಡು ನನಗೆ ಕನಿಕರ ಉಕ್ಕಿತು. ಪಾಪ, ನೆಟ್‌ವರ್ಕ್ ಹುಡುಕುತ್ತಿದ್ದಾಳೆ ಎಂದುಕೊಂಡೆ. ಕೇಳದವರಿಗೂ ತಿಳಿಸಿಕೊಡುವುದು ನನ್ನ ಹಳೆಯ ಚಟ. ಸ್ಕೂಟರ್ ನಿಲ್ಲಿಸಿ, ಬದು ದಾಟಿ, ಅವಳ ಬೆನ್ನ ಹಿಂದೆ ಹೋಗಿ ನಿಂತು, "ಇಲ್ಲಿ ಸಿಗಂಗಿಲ್ಲವ್ವಾ, ರಸ್ತಾದ ಮ್ಯಾಲ ಬಾ," ಎಂದೆ.

"ನೆಟ್‌ವರ್ಕ್ ಅದರೀ," ಎಂದಳು ಆಕೆ, ತಿರುಗದೆಯೇ. "ನೀವು ಸ್ವಲ್ಪ ಸರೀರಿ. ನಿಮ್ಮ ನೆರಳು ಬಿದ್ದದ."

ದೇಶದ ಬಾಹ್ಯಾಕಾಶ ಉದ್ಯಮಕ್ಕೆ ನನ್ನ ಮೊದಲ ಕಾಣಿಕೆ ಹೀಗೆ ಒಂದು ಹಾಳಾದ ಫೋಟೋ.

ಆಕೆ ಭಾಗ್ಯಜ್ಯೋತಿ. ಗುಂಜಹಳ್ಳಿಯ ಕುರಿ ಕಾಯುವ ಮನೆತನದವಳು. ಈಗ ರಾಯಚೂರಿನಲ್ಲಿ ಒಂದು ಬಾಡಿಗೆ ಕೋಣೆ. ಹೈದರಾಬಾದಿನ ಒಂದು ಖಾಸಗಿ ಕಂಪನಿ, ಉಪಗ್ರಹದ ಚಿತ್ರ ನೋಡಿ ಯಾವ ಹೊಲದಲ್ಲಿ ಯಾವ ಬೆಳೆ ಎಂದು ಹೇಳುವ ಯಂತ್ರ ತಯಾರಿಸುತ್ತಿದೆ. ಮೇಲಿನಿಂದ ನೋಡಿದರೆ ಎಲ್ಲವೂ ಹಸಿರು. ಹಾಗಾಗಿ ಯಾರಾದರೂ ಕೆಳಗೆ ನಿಂತು, ಇದು ಹತ್ತಿ, ಇದು ತೊಗರಿ, ಇದು ಮೆಣಸಿನಕಾಯಿ ಎಂದು ಆ ಯಂತ್ರಕ್ಕೆ ಅಕ್ಷರಾಭ್ಯಾಸ ಮಾಡಿಸಬೇಕು. ಮಾನ್ವಿ, ದೇವದುರ್ಗದ ಮಟ್ಟಿಗೆ ಆ 'ಯಾರಾದರೂ' ಎಂದರೆ ಈಕೆ. ಹೊಲಕ್ಕಿಷ್ಟು ಎಂದು ಕೂಲಿ. ಬದುಕಿಗೆ ಬೇರೆ ಆಸರೆ ಇಲ್ಲ. ಫೋಟೋದಲ್ಲಿ ಬೆಳೆ ಬಿಟ್ಟು ಬೇರೇನೂ ಇರಬಾರದು. ಮನುಷ್ಯರ ನೆರಳು ಬಿದ್ದರೂ ವಾಪಸ್ ಕಳಿಸುತ್ತಾರೆ. ಅದಕ್ಕೇ ಆಕೆ ನೆರಳು ಕಾಲಡಿ ಮುದುಡುವ ಮಟಮಟ ಮಧ್ಯಾಹ್ನ ಹೊಲಕ್ಕಿಳಿಯುತ್ತಿದ್ದಳು, ಉಳಿದವರೆಲ್ಲ ಮರದ ಬುಡ ಸೇರಿದ ಹೊತ್ತಿನಲ್ಲಿ.

ಅದೇ ವಾರ ರಾಯಚೂರಿನ ನಮ್ಮ ಚಿಂತಕರ ಬಳಗದಲ್ಲಿ ನನ್ನ ಉಪನ್ಯಾಸವಿತ್ತು: 'ರಾಷ್ಟ್ರದ ಬಾಹ್ಯಾಕಾಶ ಸಾಧನೆಗೆ ಚಾಲಕ ಶಕ್ತಿ ಯಾವುದು?' ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳುವವನು; ಬಾಹ್ಯಾಕಾಶಕ್ಕೂ ನನಗೂ ಇರುವ ನಂಟು ಮಾಳಿಗೆ ಮೇಲಿನ ಟಿ.ವಿ. ಡಿಶ್ ಒಂದೇ. ಆದರೂ ಸರ್ಕಾರದ ನೀತಿ, ಖಾಸಗಿ ಬಂಡವಾಳ, ಯುವಕರ ಕನಸು ಎಂದು ಮೂರು ಉತ್ತರ ಸಿದ್ಧವಾಗಿದ್ದವು. ನಾಲ್ಕನೆಯದಾಗಿ 'ಸಾಮಾನ್ಯ ಮಹಿಳೆ' ಎಂದು ಸೇರಿಸಿದರೆ ಚಪ್ಪಾಳೆ ಖಚಿತ ಎನಿಸಿ, ಒಂದು ದಿನ ಆಕೆಯ ಜೊತೆ ದೇವದುರ್ಗದ ಕಡೆ ಹೊರಟೆ.

ಮೊದಲ ಹೊಲದಲ್ಲೇ ಅದರ ಒಡೆಯ ಹನುಮಂತರಾಯ ಎದುರಾದ. "ಯಾ ಇಲಾಖಿಯಾಕಿ ಬೇ ನೀನು? ಪರಿಹಾರ ಗಿರಿಹಾರ ಬರತದೇನು?"

"ಬರಂಗಿಲ್ಲ ಯಪ್ಪಾ. ಫೋಟೋ ಅಷ್ಟ."

"ಮತ್ತ ಈ ಸಾಹೇಬ್ರು?"

"ಅವರು ಸುಮ್ಮ ಬಂದಾರ."

ಪರಿಹಾರವಿಲ್ಲವೆಂದ ಮೇಲೆ ಮಾತಿಗೇನು ಕೆಲಸ? ಹನುಮಂತರಾಯ ಟವೆಲ್ ಕೊಡವಿ ಹೊರಟುಹೋದ. ಎಲ್ಲ ಕಡೆಯೂ ಹೀಗೆಯೇ ಎಂದಳು ಭಾಗ್ಯಜ್ಯೋತಿ. ಹೆಸರು ಕೂಡ ಯಾರೂ ಕೇಳುವುದಿಲ್ಲವಂತೆ.

ಬೇವಿನ ಮರದಡಿ ಬುತ್ತಿ ಬಿಚ್ಚಿದಳು. ನನಗೂ ಒಂದು ರೊಟ್ಟಿ ಕೊಟ್ಟಳು.

"ಒಬ್ಬಾಕಿನ ತಿರಗತಿಯಲ್ಲ, ಬ್ಯಾಸರ ಆಗಂಗಿಲ್ಲೇನು?"

"ಸಣ್ಣಾಕಿ ಇದ್ದಾಗ ಅಪ್ಪನ ಕುರಿ ಹಿಂದ ಹಿಂಗ ತಿರಗೀನ್ರೀ. ಆವಾಗೂ ಮಂದಿ ಇರಲಿಲ್ಲ. ಆದ್ರ ಕುರಿ ಇದ್ವು. ಕರದ್ರ ತಿರುಗಿ ನೋಡ್ತಿದ್ವು."

ಅಪ್ಪ ಅಮೋಘಸಿದ್ದ ತೀರಿಕೊಂಡ ಮೇಲೆ ಕುರಿಗಳನ್ನು ಮಾರಿದ್ದರು. ಆಕೆ ಮೊಬೈಲಿನಲ್ಲಿ ಹಳೆಯ ಫೋಟೋಗಳನ್ನು ಸರಿಸುತ್ತಾ ಹೋದಳು. ಭತ್ತ, ಹತ್ತಿ, ಮತ್ತೆ ಹತ್ತಿ. ಯಾವುದರಲ್ಲೂ ಒಂದು ಮುಖವಿಲ್ಲ. ಒಂದರ ಮೇಲೆ ಬೆರಳು ನಿಂತಿತು.

"ಇದು ನಮ್ಮವ್ವನ ಮಣ್ಣು ಮಾಡಿ ಬಂದ ಮ್ಯಾಲ ತೆಗದದ್ದು."

ನೋಡಿದೆ. ತೊಗರಿ. ಹಳದಿ ಹೂ ಬಿಟ್ಟಿತ್ತು.

ಅಷ್ಟರಲ್ಲಿ ಕಂಪನಿಯ ಗೌತಮನ ಫೋನ್ ಬಂತು. ಒಂದು ಕೈಯಲ್ಲಿ ರೊಟ್ಟಿ ಇದ್ದುದರಿಂದ ಸ್ಪೀಕರ್ ಹಾಕಿದಳು.

"ಮೇಡಂ, ಒಳ್ಳೆ ಸುದ್ದಿ! ನಿಮ್ಮ ಫೋಟೋ ನೋಡಿ ನಮ್ಮ ಯಂತ್ರ ಚೆನ್ನಾಗಿ ಕಲಿತಿದೆ. ಈ ಹಂಗಾಮು ಮುಗಿದರೆ ನಿಮ್ಮ ಕಡೆ ಹೊಲಕ್ಕೆ ಯಾರೂ ಹೋಗೋದು ಬೇಕಾಗಲ್ಲ."

"ನಾನೂ?"

"ಯಾರೂ, ಮೇಡಂ. ಉಳಿದಿರೋ ಹೊಲಗಳದ್ದು ಮಾತ್ರ ಕರೆಕ್ಟಾಗಿ ಕಳಿಸಿ. ಥ್ಯಾಂಕ್ಯೂ."

ನನ್ನ ಉಪನ್ಯಾಸದ ನಾಲ್ಕನೆಯ ಚಾಲಕ ಶಕ್ತಿಯ ಕೆಲಸ ನನ್ನ ಕಣ್ಣೆದುರೇ ಹೋಗಿತ್ತು. ಆಕೆ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಎದ್ದು, ಮುಂದಿನ ಹೊಲಕ್ಕೆ ನಡೆದಳು. ನಾನು ಈ ಸಲ ನನ್ನ ನೆರಳನ್ನು ದೂರವೇ ಇಟ್ಟುಕೊಂಡು ಹಿಂಬಾಲಿಸಿದೆ. ಸುಮ್ಮನಿರುವುದನ್ನು ಕಲಿತಿಲ್ಲವಾದ್ದರಿಂದ ನನಗೊಂದು ಮಹಾ ಉಪಾಯ ಹೊಳೆಯಿತು.

"ಭಾಗ್ಯಜ್ಯೋತಿ, ಉಳದ ಹೊಲಕ್ಕೆಲ್ಲ ಸುಳ್ಳು ಕಳಿಸಿಬಿಡು. ಹತ್ತಿ ಇದ್ದಲ್ಲಿ ತೊಗರಿ ಅನ್ನು. ಯಂತ್ರ ದಡ್ಡ ಆಗತದ, ಮತ್ತ ನಿನ್ನನ್ನ ಕರೀತಾರ. ಯಾಕ ಹಂಗ ಮಾಡಬಾರದು?"

ಆಕೆ ನಾಲ್ಕೂ ದಿಕ್ಕಿನ ಫೋಟೋ ತೆಗೆದು ಮುಗಿಸಿ, ಮೊಬೈಲಿನಲ್ಲಿ ಬೆಳೆಯ ಹೆಸರಿನ ಮೇಲೆ ಬೆರಳೊತ್ತಿದಳು.

"ಇದು ಹತ್ತಿರೀ," ಎಂದಳು. "ನನ್ನ ಕೆಲಸ ಹೋದ್ರೂ ಇದು ಹತ್ತಿನ."