ತಾಮ್ರದ ಟ್ಯಾಂಕಿನ ಮೇಲಿನ ಹೆಸರು

ಹುಣಸೆಹಣ್ಣು ಹಚ್ಚಿ ತಾಮ್ರ ತಿಕ್ಕಿದರೆ ಕೈಗೊಂದು ಹುಳಿ ವಾಸನೆ ಅಂಟುತ್ತದೆ, ಸೋಪಿಗೂ ಜಗ್ಗುವುದಿಲ್ಲ. ಇವತ್ತು ಆಯುಧಪೂಜೆ. ಬೆಳಿಗ್ಗೆ ಚೊಂಬು ತಿಕ್ಕುವಾಗ ಲಂಡನ್ನಿನ ರೇನರ್ಸ್ ಲೇನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು...

ತೊಂಬತ್ತರ ದಶಕ, ನಾನು ಮೈಸೂರಿನಿಂದ ಬಂದ ಹೊಸತು. ಧಾರವಾಡದ ಕಾಕಾ ಇಲ್ಲಿ ಬಸ್ಸು ಓಡಿಸಿ ನಿವೃತ್ತರಾಗಿದ್ದರು. ಅವರ ಗ್ಯಾರೇಜಿನಲ್ಲಿ ಕಾರಿನ ಬದಲು ಯಾರದೋ ಹಳೇ ಶೆಡ್ಡಿನಿಂದ ತಂದ ಮೂರು ಗಾಲಿಯ ಮೋಟಾರು ಬಂಡಿಯಿತ್ತು. ಓಡಿಸುವವನಿಗೆ ಹಿಂದೆ ಸೈಕಲ್ ಸೀಟು, ಜೊತೆಗಾರನಿಗೆ ಮುಂದೆ ಕುರ್ಚಿ. ಡಿಕ್ಕಿಯಾದರೆ ಮೊದಲ ಮರ್ಯಾದೆ ಅತಿಥಿಗೇ ಎಂದು ಕಾಕಾ ನಗುತ್ತಿದ್ದರು.

ಅದನ್ನು ಮಾಡಿದ್ದು, ಶತಮಾನದ ಶುರುವಿನಲ್ಲಿ ಇಬ್ಬರು ಸೈಕಲ್ ವ್ಯಾಪಾರಿಗಳು ಇದೇ ಲಂಡನ್ನಿನಲ್ಲಿ ತೆರೆದ ಕಂಪನಿಯಂತೆ. ಕುದುರೆ ಸಾಕಲಾಗದ, ಕಾರು ಕೊಳ್ಳಲಾಗದ ಜನ ಕೆಲವು ವರ್ಷ ಮುಗಿಬಿದ್ದು ಕೊಂಡರಂತೆ. ಕಾರು ಅಗ್ಗವಾದದ್ದೇ ಕಂಪನಿ ಬಾಗಿಲು ಹಾಕಿತು. ಆದರೆ ಅಂಥ ಬಂಡಿ ಮಾಡುವವರು ಆಗ ಬಹಳ ಮಂದಿ ಇದ್ದರು. ಇದು ಆ ಕಂಪನಿಯದೇ ಎನ್ನಲು ತಾಮ್ರದ ಟ್ಯಾಂಕಿನ ಮೇಲೆ ಬಂಗಾರದ ಬಣ್ಣದಲ್ಲಿ ಬರೆದ, ಅರ್ಧ ಮಾಸಿದ ಹೆಸರೊಂದೇ ಗುರುತು.

ಕಾಕಾನಿಗೆ ಹೃದಯದ ತೊಂದರೆ. ತಾವು ಹೋದ ಮೇಲೆ ಬಂಡಿ ಗುಜರಿ ಪಾಲಾಗಬಾರದು, ಮ್ಯೂಸಿಯಮ್ಮಿನಲ್ಲಿ ನಿಲ್ಲಬೇಕು ಎಂಬುದೊಂದೇ ಹಟ. ಫೋನು ಮಾಡಿ ಮಾಡಿ ಕೊನೆಗೂ ಮ್ಯೂಸಿಯಮ್ಮಿನವರೊಬ್ಬರನ್ನು ಬಂದು ನೋಡಲು ಒಪ್ಪಿಸಿದರು. ಅವರು ಬರುವ ದಿನವೇ ಆಯುಧಪೂಜೆ ಬಿತ್ತು.

ಆ ಬೆಳಿಗ್ಗೆ ಕಾಕಾ ಜಿಪಿ ಡಾಕ್ಟರ ಹತ್ತಿರ ಹೋಗಿದ್ದರು. ಅವರ ಹೆಂಡತಿ ಕಾಕುಗೆ ಇಂಗ್ಲಿಷ್ ಓದಲೂ ಬಾರದು, ಮಾತೂ ತಿಳಿಯದು. ದೊಡ್ಡವರು ಬರುತ್ತಾರೆ, ಹಬ್ಬ ಬೇರೆ ಎಂದು ಹುಣಸೆಹಣ್ಣು, ಉಪ್ಪು ಹಾಕಿ ಟ್ಯಾಂಕನ್ನು ಗಸಗಸ ತಿಕ್ಕಿದರು. ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಗಾಲಿಯಡಿ ನಿಂಬೆಹಣ್ಣಿಟ್ಟರು. ತಾಮ್ರ ಫಳಫಳ ಹೊಳೆಯಿತು. ಹೆಸರಿನ ಒಂದಕ್ಷರವೂ ಉಳಿಯಲಿಲ್ಲ.

ಅಷ್ಟರಲ್ಲಿ ಕಾಕಾ ವಾಪಸು ಬಂದಿದ್ದರು, ಹಬ್ಬಕ್ಕೆಂದು ನಾನೂ ಹೋಗಿದ್ದೆ. ಬಂದಾತ ಒಳ್ಳೆಯವನೇ. ಚಹಾ ಕುಡಿದು ಹೊಳಪನ್ನು ಹೊಗಳಿದ. ಹೆಸರಿಲ್ಲದೆ ತೆಗೆದುಕೊಳ್ಳಲಾಗುವುದಿಲ್ಲ ಎಂದು ಮೆತ್ತಗೆ ಹೇಳಿ ಹೊರಟ. ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಏನಂದ್ರು?” ಎಂದರು.

ಕಾಕಾ ನನ್ನ ಕಡೆ ಒಮ್ಮೆ ನೋಡಿದರು. “ಭಾಳ ಛಲೋ ಇಟ್ಟೀರಿ ಅಂದ್ರು. ಒಯ್ತಾರಂತ.”

ಅವರೇ ಹಾಗೆ ಹೇಳಿದ ಮೇಲೆ ನಾನು ಬಾಯಿ ಬಿಡುವುದುಂಟೇ...

ಮ್ಯೂಸಿಯಮ್ಮಿನಲ್ಲಿ ಜಾಗ ಆಗಬೇಕಂತೆ ಎಂದು ಕಾಕುಗೆ ಹೇಳುತ್ತಲೇ ಎರಡು ವರ್ಷಕ್ಕೆ ಕಾಕಾ ತೀರಿಕೊಂಡರು. ಕಾಕು ಸೌತ್‌ಹಾಲಿನಲ್ಲಿದ್ದ ಮಗಳ ಮನೆಗೆ ಹೋಗಿದ್ದಾಗ ಮಗ ಗುಜರಿಯವರನ್ನು ಕರೆದು ಗ್ಯಾರೇಜ್ ಖಾಲಿ ಮಾಡಿಸಿದ. ವಾಪಸು ಬಂದ ಕಾಕು, ಮ್ಯೂಸಿಯಮ್ಮಿನವರು ಮಾತು ಉಳಿಸಿಕೊಂಡರು ಎಂದು ಕಣ್ಣೊರೆಸಿಕೊಂಡರು. ಅಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಕಾಕಾ ಇಲ್ಲ, ಬಂಡಿಯೂ ಇಲ್ಲ. ಕಂಪನಿಯ ಆ ಹೆಸರನ್ನು ಇಲ್ಲಿ ಬರೆಯೋಣವೆಂದರೆ ಕಾಕಾನ ಬಾಯಿಮಾತು ಬಿಟ್ಟು ನನ್ನ ಹತ್ತಿರ ಬೇರೆ ಆಧಾರವಿಲ್ಲ. ಈಗಷ್ಟೇ ಹಬ್ಬಕ್ಕೆಂದು ಕಾಕುಗೆ ಫೋನು ಮಾಡಿದ್ದೆ. ಮಾತು ಮುಗಿಸುವ ಮುಂಚೆ ಕೇಳಿದರು.

“ಆ ಮ್ಯೂಸಿಯಮ್ ಎಲ್ಲಿ ಅದವ್ವಾ? ಕಾಲು ಗಟ್ಟಿ ಇರೂದ್ರಾಗ ಒಮ್ಮೆ ಕರ್ಕೊಂಡು ಹೋಗು. ಬಂಡಿ ಮುಂದ ನಮ್ಮ ಮನಿಯವರ ಹೆಸರು ಬರದಿರ್ತಾರಲ್ಲ?”

ಹೂಂ ಎಂದೆ.

“ಹಂಗಾರ ಶನಿವಾರ ತಯಾರಾಗಿರ್ತೀನಿ,” ಎಂದರು ಕಾಕು.